ಕಾರಿನಿಂದ ಇಳಿಯುವಾಗ ತಗಲುವ ‘ಶಾಕ್’: ಹೆದರಿಕೆ ಬೇಡ, ಎಚ್ಚರ ಇರಲಿ

ಫೆಬ್ರುವರಿ, ಮಾರ್ಚ್ ತಿಂಗಳ ಒಣ ಮಧ್ಯಾಹ್ನ. ಕಾರು ನಿಲ್ಲಿಸಿ ಕೆಳಗಿಳಿಯುತ್ತೀರಿ. ಬಾಗಿಲು ಮುಚ್ಚಲೆಂದು ಕೈ ಚಾಚಿದೊಡನೆ ಬೆರಳ ತುದಿಗೆ ‘ಚುರುಕ್’ ಎಂದು ಸೂಜಿ ಚುಚ್ಚಿದಂತಾಗುತ್ತದೆ. ಗಮನವಿಟ್ಟು ಕೇಳಿದರೆ ‘ಟಿಕ್’ ಎಂಬ ಸಣ್ಣ ಸದ್ದು. ಕತ್ತಲಿದ್ದರೆ ನೀಲಿ ಬಣ್ಣದ ಪುಟ್ಟ ಕಿಡಿ. ಕೈಯನ್ನು ತಟ್ಟನೆ ಹಿಂದಕ್ಕೆಳೆದುಕೊಳ್ಳುತ್ತೀರಿ.

ಈ ಅನುಭವವಾದವರ ಮನಸ್ಸಿನಲ್ಲಿ ನಾನಾ ಸಂಶಯಗಳೇಳುವುದು ಸಹಜ. ಕಾರಿನ ಬ್ಯಾಟರಿ ಎಲ್ಲೋ ಸೋರುತ್ತಿದೆ ಎಂದು ಕೆಲವರು ಮೆಕ್ಯಾನಿಕ್ ಬಳಿ ಓಡುತ್ತಾರೆ. ತಮ್ಮ ಮೈಯಲ್ಲೇ ‘ಕರೆಂಟು ಜಾಸ್ತಿ’ ಎಂದುಕೊಂಡು ತಾಮ್ರದ ಬಳೆ ತೊಡುವವರೂ ಇದ್ದಾರೆ. ಮನೆಯ ಹಿರಿಯರಿಗೆ ಹೃದಯಕ್ಕೇನಾದರೂ ಆದೀತೇ ಎಂಬ ಚಿಂತೆ.

ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾರಿನ 12 ವೋಲ್ಟಿನ ಬ್ಯಾಟರಿಗೂ ಈ ಚುರುಕಿಗೂ ಸಂಬಂಧವಿಲ್ಲ. ಇದು ನಿಮ್ಮ ದೇಹದ ರೋಗವೂ ಅಲ್ಲ. ಸಾಮಾನ್ಯ ಆರೋಗ್ಯವುಳ್ಳವರಿಗೆ ಇದರಿಂದ ಹಾನಿಯಿಲ್ಲ. ಆದರೆ ‘ಶಾಕ್ ಎಂದರೆ ಇಷ್ಟೇ ತಾನೆ’ ಎಂಬ ಉದಾಸೀನವೂ ಸಲ್ಲದು. ಪೆಟ್ರೋಲ್ ಬಂಕಿನಲ್ಲಿ, ಮನೆಯ ಗೀಸರ್ ಮುಂದೆ, ಮತ್ತು ಕಾರಿನ ಮೇಲೆ ವಿದ್ಯುತ್ ತಂತಿ ಹರಿದುಬಿದ್ದಾಗ, ಈ ಮೂರು ಕಡೆ ಆ ಉದಾಸೀನ ಪ್ರಾಣಕ್ಕೇ ಎರವಾಗಬಹುದು. ಆದ್ದರಿಂದ ಈ ಚುರುಕು ಎಲ್ಲಿಂದ ಬರುತ್ತದೆ, ಅದನ್ನು ತಪ್ಪಿಸುವುದು ಹೇಗೆ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದನ್ನು ಮನೆಮಂದಿಯೆಲ್ಲ ತಿಳಿದಿರಬೇಕು.

ಹೀಗೇಕೆ ಆಗುತ್ತದೆ?

ಪ್ಲಾಸ್ಟಿಕ್ ಬಾಚಣಿಗೆಯಿಂದ ಒಣಗಿದ ತಲೆಗೂದಲನ್ನು ಬಾಚಿ, ಅದನ್ನು ಕಾಗದದ ಚೂರುಗಳ ಹತ್ತಿರ ಹಿಡಿದರೆ ಚೂರುಗಳು ಹಾರಿ ಬಂದು ಅಂಟಿಕೊಳ್ಳುತ್ತವೆ. ಶಾಲೆಯಲ್ಲಿ ಎಲ್ಲರೂ ಮಾಡಿ ನೋಡಿದ ಆಟವಿದು. ಎರಡು ಬೇರೆ ಬೇರೆ ವಸ್ತುಗಳು ಒಂದಕ್ಕೊಂದು ಉಜ್ಜಿ ಬೇರ್ಪಟ್ಟಾಗ, ಒಂದರಿಂದ ಇನ್ನೊಂದಕ್ಕೆ ಎಲೆಕ್ಟ್ರಾನ್‌ಗಳು ಜಾರುತ್ತವೆ. ಕಳೆದುಕೊಂಡದ್ದು ಧನ ಆವೇಶ ಪಡೆಯುತ್ತದೆ, ಗಳಿಸಿದ್ದು ಋಣ ಆವೇಶ ಪಡೆಯುತ್ತದೆ. ಹರಿಯಲು ದಾರಿಯಿಲ್ಲದೆ ನಿಂತಲ್ಲೇ ನಿಲ್ಲುವ ಈ ವಿದ್ಯುತ್ತಿಗೆ ಸ್ಥಿರ ವಿದ್ಯುತ್ ಎಂದು ಹೆಸರು.

ಕಾರಿನಲ್ಲಿ ಬಾಚಣಿಗೆ ಮತ್ತು ಕೂದಲಿನ ಪಾತ್ರವನ್ನು ಸೀಟು ಮತ್ತು ನಿಮ್ಮ ಬಟ್ಟೆ ವಹಿಸುತ್ತವೆ. ಪ್ರಯಾಣದುದ್ದಕ್ಕೂ ಬಟ್ಟೆ ಸೀಟಿಗೆ ಒತ್ತಿಕೊಂಡು ಉಜ್ಜುತ್ತಿರುತ್ತದೆ. ಕುಳಿತಿರುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ. ಏಕೆಂದರೆ ಸೀಟಿನ ಆವೇಶವೂ ನಿಮ್ಮ ಮೇಲಿನ ಆವೇಶವೂ ಪರಸ್ಪರ ವಿರುದ್ಧ ಜಾತಿಯವು. ಹತ್ತಿರವಿರುವ ತನಕ ಒಂದನ್ನೊಂದು ಹಿಡಿದಿಟ್ಟುಕೊಂಡಿರುತ್ತವೆ. ಸೀಟಿನಿಂದ ಜಾರಿ ಎದ್ದೊಡನೆ ಈ ಜೋಡಿ ಅಗಲುತ್ತದೆ. ಸೀಟಿನ ಪಾಲು ಸೀಟಿನಲ್ಲೇ ಉಳಿಯುತ್ತದೆ, ನಿಮ್ಮ ಪಾಲು ನಿಮ್ಮೊಡನೆ ಹೊರಗೆ ಬರುತ್ತದೆ. ಹೀಗೆ ದೂರವಾದಷ್ಟೂ ವೋಲ್ಟೇಜ್ ಏರುತ್ತಾ ಹೋಗುತ್ತದೆ. ನೆಲಕ್ಕೆ ಕಾಲಿಟ್ಟಾಗಲಾದರೂ ಅದು ಭೂಮಿಗೆ ಹರಿದುಹೋಗಬಹುದಿತ್ತು. ಆದರೆ ರಬ್ಬರ್ ಅಥವಾ ಪ್ಲಾಸ್ಟಿಕ್ ಅಟ್ಟೆಯ ಪಾದರಕ್ಷೆ ಆ ದಾರಿಯನ್ನು ಮುಚ್ಚಿಬಿಡುತ್ತದೆ. ಆಗ ನೀವು ಬಾಗಿಲಿನ ಲೋಹಕ್ಕೆ ಬೆರಳು ಚಾಚುತ್ತೀರಿ. ಬೆರಳು ಮುಟ್ಟುವ ಮೊದಲೇ ನಡುವಿನ ಗಾಳಿಯನ್ನು ಸೀಳಿಕೊಂಡು ಕಿಡಿ ಹಾರುತ್ತದೆ.

ಅಂದರೆ ಬಹುಪಾಲು ಸಂದರ್ಭಗಳಲ್ಲಿ ಶಾಕ್ ಕೊಡುವುದು ಕಾರಲ್ಲ. ನೀವೇ ಕಾರಿಗೆ ಶಾಕ್ ಕೊಡುತ್ತೀರಿ! ಗಾಳಿಯನ್ನು ಸೀಳಿಕೊಂಡು ಓಡುವುದರಿಂದ ಕಾರಿಗೇ ವಿದ್ಯುತ್ತು ಮೆತ್ತಿಕೊಳ್ಳುತ್ತದೆ ಎಂಬುದು ಜನಪ್ರಿಯ ನಂಬಿಕೆ. ಉರುಳುವ ಟೈರುಗಳಿಂದಾಗಿ ಕಾರಿನ ಮೈಯಲ್ಲೂ ಒಮ್ಮೊಮ್ಮೆ ಸ್ವಲ್ಪ ಆವೇಶ ಉಳಿಯುವುದುಂಟು. ಆದರೆ ಮುಖ್ಯ ಕಾರಣ ಸೀಟು ಮತ್ತು ಬಟ್ಟೆಯ ತಿಕ್ಕಾಟವೇ. ಕಾರಿನ ಹಿಂದೆ ನೆಲಕ್ಕೆ ತಾಗುವಂತೆ ತೂಗುಬಿಡುವ ರಬ್ಬರ್ ಪಟ್ಟಿಯಿಂದ ಅನೇಕರಿಗೆ ಪ್ರಯೋಜನವಾಗದಿರುವುದು ಇದರಿಂದಲೇ. ಪಟ್ಟಿ ಕಾರಿನ ಆವೇಶವನ್ನು ಭೂಮಿಗಿಳಿಸೀತು, ನಿಮ್ಮ ಮೈಮೇಲಿನದನ್ನಲ್ಲ.

ಕೆಲವರಿಗೆ ಮಾತ್ರ ಏಕೆ? ಕೆಲವು ದಿನ ಮಾತ್ರ ಏಕೆ?

ಒಂದೇ ಕಾರಿನಲ್ಲಿ ಬಂದ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಶಾಕ್ ತಗಲುವುದುಂಟು. ಅದಕ್ಕೆ ಕಾರಣ ಅವರ ಜಾತಕವಲ್ಲ, ಅವರ ಉಡುಪು ಮತ್ತು ಚಪ್ಪಲಿ. ಉಣ್ಣೆ, ರೇಷ್ಮೆ, ನೈಲಾನ್ ಇವು ಸುಲಭವಾಗಿ ಧನ ಆವೇಶ ಪಡೆಯುವ ಗುಂಪಿನವು. ಪಾಲಿಯೆಸ್ಟರ್, ರೆಕ್ಸಿನ್ ಇವು ಋಣ ಆವೇಶದ ಗುಂಪಿನವು. ವಿರುದ್ಧ ಗುಂಪಿನ ಎರಡು ವಸ್ತುಗಳು ಉಜ್ಜಿದರೆ ಆವೇಶ ಹೆಚ್ಚು. ಮದುವೆಗೆಂದು ರೇಷ್ಮೆ ಸೀರೆ ಉಟ್ಟು ರೆಕ್ಸಿನ್ ಸೀಟಿನ ಮೇಲೆ ಕುಳಿತು ಹೋದವರಿಗೆ ‘ಚುರುಕ್’ ಎನ್ನುವುದರಲ್ಲಿ ಆಶ್ಚರ್ಯವಿಲ್ಲ. ಹತ್ತಿ ಬಟ್ಟೆ ಈ ಎರಡು ಗುಂಪುಗಳ ನಡುವಿನದು. ಜೊತೆಗೆ ತೇವಾಂಶವನ್ನೂ ಹಿಡಿದಿಟ್ಟುಕೊಳ್ಳುವುದರಿಂದ ಅದರ ಉಪಟಳ ಕಡಿಮೆ.

ಎರಡನೆಯದು ಹವೆ. ಗಾಳಿಯಲ್ಲಿ ತೇವಾಂಶ ಸಾಕಷ್ಟಿದ್ದರೆ ಬಟ್ಟೆ, ಸೀಟು, ಚರ್ಮ ಎಲ್ಲದರ ಮೇಲೂ ಕಣ್ಣಿಗೆ ಕಾಣದ ನೀರಿನ ತೆಳು ಪದರವಿರುತ್ತದೆ. ಆವೇಶ ಅದರ ಮೂಲಕ ಮೆಲ್ಲಗೆ ಸೋರಿಹೋಗುತ್ತದೆ. ಸಾಪೇಕ್ಷ ಆರ್ದ್ರತೆ ಶೇಕಡ 40ಕ್ಕಿಂತ ಕೆಳಗಿಳಿದಾಗ ಈ ಪದರ ಒಣಗಿ, ತೊಂದರೆ ಶುರುವಾಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಸೆಕೆಯಲ್ಲಿ ಬೆವರುವವರಿಗೆ ಇದರ ಅನುಭವ ಅಪರೂಪ. ಬೆಂಗಳೂರಿನ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ, ಕಲಬುರಗಿ, ರಾಯಚೂರು, ವಿಜಯಪುರದ ಒಣ ಬಿಸಿಲಿನಲ್ಲಿ ಹೆಚ್ಚು. ದೆಹಲಿಯ ಚಳಿಗಾಲದಲ್ಲೂ, ಅಮೆರಿಕದ ಹಿಮ ಬೀಳುವ ಊರುಗಳಲ್ಲಿ ಹೀಟರ್ ಹಾಕಿದ ಮನೆಗಳಲ್ಲೂ ಇದು ದಿನನಿತ್ಯದ ಮಾತು. ಅಲ್ಲಿಗೆ ಹೋದ ಮಕ್ಕಳು ಫೋನಿನಲ್ಲಿ ‘ಅಮ್ಮಾ, ಇಲ್ಲಿ ಬಾಗಿಲು ಮುಟ್ಟಿದರೂ ಶಾಕ್’ ಎಂದರೆ ಗಾಬರಿಪಡಬೇಡಿ. ಕಾರಿನ ಏರ್ ಕಂಡೀಷನರ್ ಕೂಡ ಒಳಗಿನ ಗಾಳಿಯ ತೇವವನ್ನು ಹೀರಿ ಒಣಗಿಸುತ್ತದೆ ಎಂಬುದನ್ನು ನೆನಪಿಡಿ.

ಇದು ಅಪಾಯವೇ?

ಈ ಪ್ರಶ್ನೆಗೆ ಉತ್ತರ ಅಂಕಿಗಳಲ್ಲಿದೆ. ಬೆರಳಿಗೆ ಗೊತ್ತಾಗಬೇಕಾದರೆ ದೇಹದ ಮೇಲೆ ಸುಮಾರು 2,000ದಿಂದ 3,000 ವೋಲ್ಟ್ ಸೇರಿರಬೇಕು. ಕಾರಿನಿಂದ ಇಳಿಯುವಾಗ ಒಮ್ಮೊಮ್ಮೆ ಅದು 10,000 ವೋಲ್ಟಿಗೂ ಏರುತ್ತದೆ. ಮನೆಯ ವಿದ್ಯುತ್ ಕೇವಲ 230 ವೋಲ್ಟ್. ಹಾಗಾದರೆ ಕಾರಿನ ಶಾಕ್ ಏಕೆ ಕೊಲ್ಲುವುದಿಲ್ಲ?

ಎತ್ತರ ಬೇರೆ, ಪ್ರಮಾಣ ಬೇರೆ. ಮಹಡಿಯಿಂದ ಬಿದ್ದ ಒಂದು ಹನಿ ನೀರು ತಲೆಗೆ ತಗಲಿದರೆ ಏನೂ ಆಗುವುದಿಲ್ಲ. ಅದಕ್ಕಿಂತ ಎಷ್ಟೋ ತಗ್ಗಿನಲ್ಲಿ ಹರಿಯುವ ಹೊಳೆ ಆಳನ್ನು ಕೊಚ್ಚಿಕೊಂಡು ಹೋಗುತ್ತದೆ. ನಮ್ಮ ದೇಹ ಹಿಡಿದಿಟ್ಟುಕೊಳ್ಳಬಲ್ಲ ಆವೇಶ ಅತ್ಯಲ್ಪ. 10,000 ವೋಲ್ಟಿನಲ್ಲೂ ಅದರ ಒಟ್ಟು ಶಕ್ತಿ ಏಳೆಂಟು ಮಿಲಿಜೂಲ್ ಮಾತ್ರ. ಒಂದು ಗ್ರಾಂ ತೂಕದ ಹುಣಸೆ ಬೀಜವೊಂದು ಮೇಜಿನ ಮೇಲಿಂದ ನೆಲಕ್ಕೆ ಬಿದ್ದಾಗಿನ ಶಕ್ತಿ ಹೆಚ್ಚುಕಡಿಮೆ ಅಷ್ಟೇ. ಅದೂ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ಕಡಿಮೆ ಅವಧಿಯಲ್ಲಿ ಮುಗಿದುಹೋಗುತ್ತದೆ. ಬೆರಳ ತುದಿಯಲ್ಲಿ ನರಗಳ ಕೊನೆಗಳು ದಟ್ಟವಾಗಿರುವುದರಿಂದ ನೋವು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಹೃದಯದ ಪೇಸ್‌ಮೇಕರ್ ಇರುವವರಿಗೂ ಇಂಥ ಸಣ್ಣ ಕಿಡಿಯಿಂದ ಸಾಮಾನ್ಯವಾಗಿ ಧಕ್ಕೆಯಿಲ್ಲ; ಇಂದಿನ ಉಪಕರಣಗಳಿಗೆ ಒಳಗೇ ರಕ್ಷಣೆಯಿರುತ್ತದೆ. ಸಂಶಯವಿದ್ದರೆ ನಿಮ್ಮ ಹೃದಯ ತಜ್ಞರನ್ನು ಒಮ್ಮೆ ಕೇಳಿಕೊಳ್ಳಿ. ಕಿವಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡ ಮಗುವಿದ್ದರೆ ಮಾತ್ರ ಸ್ವಲ್ಪ ಜಾಗ್ರತೆ ಬೇಕು. ಪ್ರಬಲ ಕಿಡಿ ತಗಲಿದರೆ ಹೊರಗಿನ ಯಂತ್ರದ ಹೊಂದಾಣಿಕೆ ಕೆಡಬಹುದು. ಕಾರಿನಿಂದ ಇಳಿದಾಗ ಮತ್ತು ಪ್ಲಾಸ್ಟಿಕ್ ಜಾರುಬಂಡೆಯಲ್ಲಿ ಆಡಿದ ಮೇಲೆ, ಯಂತ್ರವನ್ನು ಮುಟ್ಟುವ ಮೊದಲು ಮಗುವಿನ ಕೈಯನ್ನು ಮುಟ್ಟಿ.

ನಿಜವಾದ ಪೆಟ್ಟು ಬೀಳುವುದು ಬೆಚ್ಚಿಬೀಳುವುದರಿಂದ. ಕೈ ಹಿಂದಕ್ಕೆಳೆದುಕೊಳ್ಳುವ ಭರದಲ್ಲಿ ಮೊಣಕೈ ತಾಗಬಹುದು, ಕಂಕುಳಿನ ಕೂಸು ಜಾರಬಹುದು, ರಸ್ತೆಯ ಕಡೆಗೆ ಒಂದು ಹೆಜ್ಜೆ ತಪ್ಪಿ ಇಡಬಹುದು. ವಯಸ್ಸಾದವರು ಆಯತಪ್ಪಿ ಬೀಳಬಹುದು. ಅದಕ್ಕಾಗಿಯಾದರೂ ಇದನ್ನು ತಪ್ಪಿಸುವ ಉಪಾಯ ತಿಳಿದಿರಲಿ.

ತಪ್ಪಿಸುವುದು ಹೇಗೆ?

1. ಇಳಿಯುವ ಮೊದಲೇ ಹಿಡಿಯಿರಿ. ಇದು ಎಲ್ಲಕ್ಕಿಂತ ಉತ್ತಮ ಉಪಾಯ, ಖರ್ಚಿಲ್ಲದ್ದು. ಸೀಟಿನ ಮೇಲೆ ಕುಳಿತಿರುವಾಗಲೇ ಬಾಗಿಲು ತೆರೆದು, ಬಾಗಿಲ ಚೌಕಟ್ಟಿನ ಲೋಹದ ಭಾಗವನ್ನು ಅಂಗೈಯಿಂದ ಗಟ್ಟಿಯಾಗಿ ಹಿಡಿದುಕೊಳ್ಳಿ. ಹಿಡಿದಂತೆಯೇ ಸೀಟಿನಿಂದ ಎದ್ದು, ಎರಡೂ ಪಾದ ನೆಲಕ್ಕೂರಿ ನೆಟ್ಟಗೆ ನಿಂತ ಮೇಲೆ ಕೈ ಬಿಡಿ. ಆವೇಶ ಹುಟ್ಟುತ್ತಿದ್ದಂತೆಯೇ ಲೋಹಕ್ಕೆ ಹರಿದುಹೋಗುವುದರಿಂದ ಕಿಡಿ ಹಾರುವಷ್ಟು ಕೂಡಿಕೊಳ್ಳಲು ಅವಕಾಶವೇ ಇರುವುದಿಲ್ಲ. ಪ್ಲಾಸ್ಟಿಕ್ ಹಿಡಿಯನ್ನು ಹಿಡಿದರೆ ಉಪಯೋಗವಿಲ್ಲ. ಇಳಿದ ಮೇಲೆ ಮುಟ್ಟಿದರೂ ಕಾಲ ಮಿಂಚಿರುತ್ತದೆ.

2. ಹಿಡಿಯಲು ಮರೆತು ಇಳಿದಿರಾ? ಕೀಲಿಕೈಯ ಅಥವಾ ನಾಣ್ಯದ ಲೋಹವನ್ನು ಬೆರಳುಗಳಲ್ಲಿ ಬಿಗಿಯಾಗಿ ಹಿಡಿದು, ಅದರ ತುದಿಯನ್ನು ಬಾಗಿಲಿನ ಲೋಹಕ್ಕೆ ತಾಗಿಸಿ. ಕಿಡಿ ಲೋಹದ ತುದಿಯಿಂದ ಹಾರುತ್ತದೆ, ಬೆರಳಿಗೆ ನೋವಾಗುವುದಿಲ್ಲ. ಕೀಲಿಕೈಯ ಪ್ಲಾಸ್ಟಿಕ್ ಭಾಗವನ್ನು ಮಾತ್ರ ಹಿಡಿದರೆ ಫಲವಿಲ್ಲ. ಏನೂ ಇಲ್ಲವಾದರೆ ಬೆರಳ ತುದಿಯ ಬದಲು ಮೊಣಕೈಯನ್ನೋ ಅಂಗೈಯ ಹಿಂಭಾಗವನ್ನೋ ಮೊದಲು ತಾಗಿಸಿ. ಅಲ್ಲಿ ಚುರುಕು ಕಡಿಮೆ.

3. ಸೀಟಿನ ಮೇಲೆ ಹತ್ತಿಯ ಹೊದಿಕೆ ಹಾಕಿ. ಹಳೆಯ ಹತ್ತಿ ಟವೆಲೂ ಸಾಕು. ದೂರದ ಒಣ ಪ್ರಯಾಣಕ್ಕೆ ಹತ್ತಿ ಬಟ್ಟೆಯೇ ಹಿತ. ಉಣ್ಣೆಯ ಸ್ವೆಟರ್ ಬಿಚ್ಚುವುದಿದ್ದರೆ ಕಾರಿನೊಳಗೆ ಕುಳಿತಿರುವಾಗಲೇ ಬಿಚ್ಚಿ, ಆಮೇಲೆ ಚೌಕಟ್ಟು ಹಿಡಿದು ಇಳಿಯಿರಿ.

4. ಚಪ್ಪಲಿಯನ್ನು ಗಮನಿಸಿ. ದಪ್ಪ ರಬ್ಬರ್ ಅಟ್ಟೆಗಿಂತ ಚರ್ಮದ ಅಟ್ಟೆಯಲ್ಲಿ ಆವೇಶ ಬೇಗ ಭೂಮಿಗಿಳಿಯುತ್ತದೆ.

5. ಒಣ ತಿಂಗಳುಗಳಲ್ಲಿ ಕೈಗಳಿಗೆ ತೇವ ಉಳಿಸುವ ಕ್ರೀಮ್ ಹಚ್ಚಿ. ಒಡೆದ, ಒಣಗಿದ ಚರ್ಮಕ್ಕೂ ಅದು ಒಳ್ಳೆಯದೇ.

6. ಮಕ್ಕಳಿಗೆ ಇದನ್ನು ಆಟದಂತೆ ಕಲಿಸಿ. ‘ಮೊದಲು ಹಿಡಿ, ಆಮೇಲೆ ಇಳಿ’ ಎಂಬ ನಾಲ್ಕೇ ಮಾತು ಸಾಕು. ಬಾಗಿಲು ಮುಚ್ಚುವ ಮೊದಲು ಅವರ ಬೆರಳುಗಳು ಚೌಕಟ್ಟಿನಿಂದ ಹೊರಗಿವೆಯೇ ಎಂದು ನೋಡುವುದು ದೊಡ್ಡವರ ಕೆಲಸ.

ಪೆಟ್ರೋಲ್ ಬಂಕಿನಲ್ಲಿ ಎಚ್ಚರ

ನಿಮಗೆ ಹಾನಿ ಮಾಡದ ಕಿಡಿ ಪೆಟ್ರೋಲ್ ಆವಿಗೆ ಸಾಕಷ್ಟಾಗುತ್ತದೆ. ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತ ಪೆಟ್ರೋಲ್ ಆವಿ ಹೊತ್ತಿಕೊಳ್ಳಲು ಒಂದು ಮಿಲಿಜೂಲ್‌ಗಿಂತಲೂ ಕಡಿಮೆ ಶಕ್ತಿ ಸಾಕು. ಟ್ಯಾಂಕರ್ ಲಾರಿಯಿಂದ ಬಂಕಿಗೆ ಇಂಧನ ಇಳಿಸುವ ಮುನ್ನ ಲಾರಿಗೆ ತಂತಿ ಜೋಡಿಸಿ ಭೂಮಿಗೆ ಸಂಪರ್ಕ ಕೊಡುವುದು ಈ ಕಾರಣಕ್ಕೇ.

ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಬಂಕಿನ ಕೆಲಸಗಾರರೇ ಪೆಟ್ರೋಲ್ ತುಂಬುತ್ತಾರೆ. ಅಮೆರಿಕದಂಥ ದೇಶಗಳಲ್ಲಿ ವಾಹನದವರೇ ತುಂಬಿಕೊಳ್ಳುವುದು ರೂಢಿ. ಅಲ್ಲಿ ನಡೆದ ಇಂಥ ಬೆಂಕಿ ಅನಾಹುತಗಳ ವಿವರಗಳನ್ನು ಪೆಟ್ರೋಲಿಯಂ ಇಕ್ವಿಪ್‌ಮೆಂಟ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಕಲೆಹಾಕಿದಾಗ ಒಂದು ಸಂಗತಿ ಮತ್ತೆ ಮತ್ತೆ ಕಂಡಿತು. ಪಂಪಿನ ನಳಿಗೆಯನ್ನು ಟ್ಯಾಂಕಿಗೆ ಸಿಕ್ಕಿಸಿ, ಚಳಿಗೋ ಪರ್ಸಿಗೋ ಎಂದು ಕಾರಿನೊಳಗೆ ಹೋಗಿ ಕುಳಿತು, ಮತ್ತೆ ಇಳಿದು ಬಂದು ನಳಿಗೆಗೆ ಕೈಹಾಕಿದಾಗ ಕಿಡಿ ಹಾರಿತ್ತು. ಆದ್ದರಿಂದ ಅಲ್ಲಿರುವ ನಿಮ್ಮ ಮಕ್ಕಳಿಗೆ, ಬಂಧುಗಳಿಗೆ ಈ ಮೂರು ಮಾತು ತಿಳಿಸಿ. ಪೆಟ್ರೋಲ್ ತುಂಬುವಾಗ ಮತ್ತೆ ಕಾರಿನೊಳಗೆ ಹೋಗಬಾರದು. ಹೋಗಲೇಬೇಕಾಗಿ ಬಂದರೆ, ಹಿಂತಿರುಗಿದಾಗ ಟ್ಯಾಂಕಿನ ಬಾಯಿಯಿಂದ ದೂರದಲ್ಲಿರುವ ಲೋಹವನ್ನು ಬರಿಗೈಯಿಂದ ಮುಟ್ಟಿ ಆಮೇಲೆ ನಳಿಗೆಯ ಬಳಿ ಹೋಗಬೇಕು. ಒಂದು ವೇಳೆ ಬೆಂಕಿ ಕಾಣಿಸಿಕೊಂಡರೆ ನಳಿಗೆಯನ್ನು ಹೊರಕ್ಕೆಳೆಯದೆ, ಕಾರಿನಲ್ಲಿ ಇರುವವರನ್ನು ಇಳಿಸಿ, ದೂರ ಸರಿದು ಬಂಕಿನವರನ್ನು ಕೂಗಬೇಕು. ನಳಿಗೆ ಎಳೆದರೆ ಉರಿಯುವ ಪೆಟ್ರೋಲ್ ಸುತ್ತಲೂ ಚೆಲ್ಲುತ್ತದೆ.

ನಾಣ್ಯ, ಕೀಲಿಕೈಯ ಉಪಾಯವನ್ನು ಟ್ಯಾಂಕಿನ ಬಾಯಿಯ ಹತ್ತಿರ ಎಂದೂ ಮಾಡಬೇಡಿ. ನೋವಿಲ್ಲದಿದ್ದರೂ ಕಿಡಿ ಕಿಡಿಯೇ. ಹಾಗೆಯೇ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಪೆಟ್ರೋಲ್ ಹಾಕಿಸಿಕೊಳ್ಳುವ ಅಭ್ಯಾಸವನ್ನು ಬಿಟ್ಟುಬಿಡಿ.

ಗೀಸರ್, ಫ್ರಿಜ್ ಮುಟ್ಟಿದಾಗಿನ ‘ಜುಮ್’ ಬೇರೆ

ಗೃಹಿಣಿಯರು ವಿಶೇಷವಾಗಿ ಗಮನಿಸಬೇಕಾದ ಮಾತಿದು. ಒದ್ದೆ ಕೈಯಲ್ಲಿ ಗ್ರೈಂಡರ್ ಮುಟ್ಟಿದಾಗ, ಫ್ರಿಜ್ಜಿನ ಬಾಗಿಲು ತೆರೆದಾಗ, ಗೀಸರಿನ ನಲ್ಲಿ ತಿರುಗಿಸಿದಾಗ ‘ಜುಮ್’ ಎಂದರೆ ಅದು ಸ್ಥಿರ ವಿದ್ಯುತ್ ಅಲ್ಲ. ಉಪಕರಣದ ಒಳಗಿನ ವಿದ್ಯುತ್ ಹೊರಮೈಗೆ ಸೋರುತ್ತಿದೆ ಎಂದರ್ಥ. ಇವೆರಡರ ವ್ಯತ್ಯಾಸ ಗುರುತಿಸುವುದು ಸುಲಭ. ಸ್ಥಿರ ವಿದ್ಯುತ್ತಿನದು ಒಂದೇ ಒಂದು ಚುರುಕು. ತಕ್ಷಣ ಮತ್ತೆ ಮುಟ್ಟಿದರೆ ಏನೂ ಇರುವುದಿಲ್ಲ. ಒಣ ಹವೆಯಲ್ಲೇ ಹೆಚ್ಚು. ಸೋರಿಕೆಯ ವಿದ್ಯುತ್ ಮುಟ್ಟಿದಷ್ಟು ಹೊತ್ತೂ ಜುಮುಗುಡುತ್ತದೆ. ಒದ್ದೆಯಿದ್ದಾಗ, ಬರಿಗಾಲಿನಲ್ಲಿ ನಿಂತಾಗ ಹೆಚ್ಚು. ಎಲೆಕ್ಟ್ರಿಕ್ ಕಾರನ್ನೋ ಸ್ಕೂಟರನ್ನೋ ಚಾರ್ಜಿಗೆ ಹಾಕಿದ್ದಾಗ ಹೀಗೆ ಜುಮುಗುಟ್ಟಿದರೂ ಅದು ಸೋರಿಕೆಯೇ. ಆದರೆ ವ್ಯತ್ಯಾಸ ಪರೀಕ್ಷಿಸಲೆಂದು ಮಾತ್ರ ಮತ್ತೆ ಮತ್ತೆ ಮುಟ್ಟಿ ನೋಡಬೇಡಿ.

ಮನೆಯ ವಿದ್ಯುತ್ ದೇಹದ ಮೂಲಕ ಹತ್ತು ಮಿಲಿಆಂಪಿಯರ್‌ನಷ್ಟು ಹರಿದರೂ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲಾಗದಂತಾಗಬಹುದು. ಇನ್ನೂ ಹೆಚ್ಚಾದರೆ ಹೃದಯದ ಬಡಿತವೇ ದಾರಿತಪ್ಪುತ್ತದೆ. ‘ಸ್ವಲ್ಪ ಶಾಕ್ ಹೊಡೆಯುತ್ತೆ, ಚಪ್ಪಲಿ ಹಾಕಿಕೊಂಡು ಮುಟ್ಟಿ’ ಎಂಬ ಸಲಹೆ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಇದು ಸಲಹೆಯಲ್ಲ, ಅಪಾಯಕ್ಕೆ ಆಹ್ವಾನ. ಮೇನ್ ಸ್ವಿಚ್ ಆರಿಸಿ, ಆ ಉಪಕರಣವನ್ನು ಬಳಸುವುದನ್ನು ನಿಲ್ಲಿಸಿ, ಅರ್ಹ ಎಲೆಕ್ಟ್ರಿಷಿಯನ್‌ರಿಂದ ಅರ್ತಿಂಗ್ ಪರೀಕ್ಷೆ ಮಾಡಿಸಿ. 30 ಮಿಲಿಆಂಪಿಯರ್ ಸೋರಿಕೆಗೆ ತಾನಾಗಿ ವಿದ್ಯುತ್ ಕಡಿದುಹಾಕುವ ಆರ್‌ಸಿಸಿಬಿ ಸಾಧನವನ್ನು ಪ್ರತಿ ಮನೆಯಲ್ಲೂ ಹಾಕಿಸುವುದು ಲೇಸು. ಮನೆಯ ವಿದ್ಯುತ್ ತಗಲಿದ ಬಳಿಕ ಎದೆನೋವು, ಎದೆಬಡಿತ, ತಲೆಸುತ್ತು, ಪ್ರಜ್ಞೆ ತಪ್ಪುವುದು, ಸುಟ್ಟ ಗಾಯ ಇವುಗಳಲ್ಲಿ ಯಾವುದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ಏನನ್ನೂ ಮುಟ್ಟದೆಯೇ ಬೆರಳುಗಳಲ್ಲಿ, ಪಾದಗಳಲ್ಲಿ ಮತ್ತೆ ಮತ್ತೆ ‘ಜೋಮು’, ಚುಚ್ಚಿದಂತಾಗುವುದು, ಮರಗಟ್ಟುವುದು ಕಂಡುಬಂದರೆ ಅದಕ್ಕೂ ಕಾರಿಗೂ ಸಂಬಂಧವಿಲ್ಲ. ಸಕ್ಕರೆ ಕಾಯಿಲೆ, ಬಿ12 ಜೀವಸತ್ವದ ಕೊರತೆ, ಮಣಿಕಟ್ಟಿನಲ್ಲಿ ನರದ ಒತ್ತಡ ಮುಂತಾದವು ಕಾರಣವಿರಬಹುದು. ‘ಮೈಯಲ್ಲಿ ಕರೆಂಟು’ ಎಂದು ಬಳೆ ತೊಟ್ಟು ಕಾಲ ಕಳೆಯದೆ ವೈದ್ಯರಿಗೆ ತೋರಿಸಿ.

ತಂತಿ ಬಿದ್ದಾಗ ಮಾತ್ರ ತದ್ವಿರುದ್ಧ

ಕಡೆಯದಾಗಿ, ಮರೆಯಲೇಬಾರದ ಒಂದು ಸಂದರ್ಭ. ಮುಂಗಾರಿಗೆ ಮುನ್ನ ಬೀಸುವ ಗಾಳಿಮಳೆಗೆ ಮರ ಉರುಳಿ, ವಿದ್ಯುತ್ ತಂತಿ ಕಾರಿನ ಮೇಲೆ ಬಿದ್ದಿದೆ ಎಂದುಕೊಳ್ಳಿ. ಆಗ ಮೇಲೆ ಹೇಳಿದ ‘ಹಿಡಿದುಕೊಂಡು ಇಳಿಯಿರಿ’ ಎಂಬ ಮಾತು ಸಲ್ಲದು. ಒಂದು ಕೈ ಕಾರಿನ ಮೇಲೆ, ಒಂದು ಕಾಲು ನೆಲದ ಮೇಲೆ ಇದ್ದರೆ ಭೂಮಿಗಿಳಿಯುವ ವಿದ್ಯುತ್ತಿಗೆ ನಿಮ್ಮ ದೇಹವೇ ಸೇತುವೆಯಾಗುತ್ತದೆ.

ಅಂಥ ಸಮಯದಲ್ಲಿ ಕಾರಿನೊಳಗೇ ಇರಿ. ಲೋಹವನ್ನು ಮುಟ್ಟಬೇಡಿ. ಯಾರನ್ನೂ ಹತ್ತಿರ ಬರಗೊಡಬೇಡಿ. ವಿದ್ಯುತ್ ಕಂಪನಿಯ 1912ಕ್ಕೆ ಅಥವಾ ತುರ್ತು ಸೇವೆಯ 112ಕ್ಕೆ ಫೋನ್ ಮಾಡಿ, ವಿದ್ಯುತ್ ಕಡಿತವಾಗಿದೆ ಎಂದು ಅವರು ಖಚಿತವಾಗಿ ಹೇಳುವ ತನಕ ಕಾಯಿರಿ. ಕಾರಿಗೆ ಬೆಂಕಿ ತಗಲಿ ಇಳಿಯಲೇಬೇಕಾದರೆ, ಕಾರನ್ನೂ ನೆಲವನ್ನೂ ಏಕಕಾಲಕ್ಕೆ ಮುಟ್ಟದಂತೆ, ಎರಡು ಪಾದಗಳನ್ನೂ ಜೋಡಿಸಿ ಹೊರಕ್ಕೆ ಜಿಗಿಯಿರಿ. ಅನಂತರ ಪಾದಗಳನ್ನು ಅಗಲಿಸದೆ, ನೆಲದಿಂದ ಎತ್ತದೆ, ಪುಟ್ಟ ಪುಟ್ಟದಾಗಿ ಜರುಗುತ್ತಾ ಹತ್ತು ಮೀಟರಿಗೂ ದೂರ ಸರಿಯಿರಿ. ದೊಡ್ಡ ಹೆಜ್ಜೆ ಹಾಕಿದರೆ ಎರಡು ಪಾದಗಳ ನಡುವಿನ ನೆಲದ ವೋಲ್ಟೇಜ್ ವ್ಯತ್ಯಾಸವೇ ಕೆಡವಿಬಿಡುತ್ತದೆ.

ದಿನನಿತ್ಯದ ಸಣ್ಣ ಚುರುಕಿಗೆ ಬಾಗಿಲ ಚೌಕಟ್ಟು ಹಿಡಿದು ಇಳಿಯುವುದೊಂದೇ ಸಾಕಾದ ಮದ್ದು. ಮನೆಯ ಉಪಕರಣದ ಜುಮುಗುಟ್ಟುವಿಕೆಗೆ ಎಲೆಕ್ಟ್ರಿಷಿಯನ್. ಬಿದ್ದ ತಂತಿಗೆ ತಾಳ್ಮೆ ಮತ್ತು ದೂರ. ಈ ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಲು ಇಂದು ರಾತ್ರಿ ಊಟದ ಹೊತ್ತಿಗೆ ಮನೆಯವರಿಗೆಲ್ಲ ಹೇಳಿಕೊಡಿ. ನಾಳೆ ಬೆಳಿಗ್ಗೆ ಸ್ನಾನದ ಮನೆಯ ಗೀಸರನ್ನೂ ಒಮ್ಮೆ ವಿಚಾರಿಸಿಕೊಳ್ಳಿ.